ಮೇಜು ಹತ್ತಿದವನು

ಲಿಂಡೆನ್ ಫೆರಿ, ಅಯೋವಾ
4 ನವೆಂಬರ್ 1917

ಪ್ರಿಯ ಕಾನ್ರಾಡ್,

ಟಿಲ್ಲಿ ಬರೆದ ಮೇಲೆಯೇ ನನಗೆ ವಿಷಯ ಗೊತ್ತಾದದ್ದು. ಸೈನಿಕ ಶಿಬಿರದಲ್ಲಿ ವ್ಯಾಯಾಮದ ಮೇಷ್ಟ್ರಂತೆ! ಇನ್ನು ನಿನ್ನನ್ನು ಭಾವ ಎನ್ನಬೇಕೋ ಕ್ಯಾಪ್ಟನ್ ಎನ್ನಬೇಕೋ ತಿಳಿಯುತ್ತಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಒಂಬತ್ತು ವರ್ಷದ ಹಿಂದಿನ ವ್ಯಾಯಾಮ ಸ್ಪರ್ಧೆಯ ಸಂಜೆ ಸೇಬಿನ ಮದ್ಯ ತಲೆಗೇರಿ, ಊಟದ ಮೇಜಿನ ಮೇಲೆ ಹತ್ತಿ, ‘ಚಕ್ರವರ್ತಿಗೆ ಜಯವಾಗಲಿ’ ಎಂದು ಕೂಗಿದ ಮನುಷ್ಯ ಈಗ ಅದೇ ಚಕ್ರವರ್ತಿಯ ಮೇಲಿನ ಯುದ್ಧಕ್ಕೆ ಹುಡುಗರನ್ನು ತಯಾರು ಮಾಡುತ್ತಿದ್ದಾನೆ! ನಾನು ಕೆಳಗೆ ಎಳೆದ ರಭಸಕ್ಕೆ ನಿನ್ನ ಪ್ಯಾಂಟಿನ ಹಿಂಬದಿ ಹರಿದು, ಮಾರನೆಯ ದಿನದ ಮೆರವಣಿಗೆಯಲ್ಲಿ ನೀನು ಕೋಟನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದೆಯಲ್ಲ, ಅದನ್ನು ಈ ಕ್ರಿಸ್‌ಮಸ್ಸಿಗೂ ಟಿಲ್ಲಿ ನಮ್ಮ ಬಾಯಿಂದ ಹೇಳಿಸದೆ ಬಿಡುವವಳಲ್ಲ. ಪ್ರತಿವರ್ಷ ಕೇಳಿದರೂ ಮೊದಲ ಸಲ ಕೇಳಿದ ಹಾಗೆ ಕಣ್ಣೀರು ಬರುವವರೆಗೆ ನಗುತ್ತಾಳೆ ನನ್ನ ತಂಗಿ.

ಇಲ್ಲಿಯ ಸುದ್ದಿ ನಗುವಂಥದ್ದಲ್ಲ. ನಮ್ಮ ಗರಡಿಯ ಹೆಬ್ಬಾಗಿಲ ಮೇಲಿದ್ದ ಜರ್ಮನ್ ಅಕ್ಷರಗಳಿಗೆ ಕಳೆದ ವಾರ ಬೂದು ಬಣ್ಣ ಬಳಿದರು. ಬಳಿದವರು ಹೊರಗಿನವರಲ್ಲ, ನಮ್ಮ ಸಂಘದವರೇ. ಗೊಟ್‌ಷಾಲ್ಕ್ ಮೇಷ್ಟ್ರು ಏಣಿ ಹಿಡಿದು ನಿಂತಿದ್ದರು. ನಿನಗೂ ನನಗೂ ಅಡ್ಡಕಂಬಿ ಹಿಡಿಯುವುದನ್ನು ಕಲಿಸಿದ ಕೈಗಳು ಅವು. “ಬಿಡಿ ಮೇಷ್ಟ್ರೇ, ನಾನು ಹಿಡ್ಕೋತೀನಿ” ಎಂದೆ. “ಬೇಡಪ್ಪ. ಬರೆಸಿದವನು ನಾನು, ಅಳಿಸೋದೂ ನಾನೇ ನಿಂತು ಅಳಿಸ್ತೀನಿ” ಎಂದರು.

ನಾನು ವ್ಯಾಯಾಮ ಕಲಿಸುವ ಶಾಲೆಯಲ್ಲಿ ಜರ್ಮನ್ ಪಾಠ ನಿಂತಿದೆ. ನನ್ನ ಕವಾಯತಿನ ಆಜ್ಞೆಗಳೆಲ್ಲ ಮೊದಲಿನಿಂದಲೂ ಇಂಗ್ಲಿಷಿನಲ್ಲೇ ಇದ್ದುದರಿಂದ ನನಗೇನೂ ಆಗಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಊರಿನಲ್ಲಿ ನಮ್ಮಂಥ ಜರ್ಮನ್ ಮೂಲದವರನ್ನು ಪರೀಕ್ಷಿಸಲು ಹೊಸದಾಗಿ ನಿಷ್ಠಾ ಸಮಿತಿ ಎಂಬುದೊಂದು ಹುಟ್ಟಿಕೊಂಡಿದೆ. ಕಲ್ಲಿದ್ದಲು ವ್ಯಾಪಾರಿ ಪೆಂಡ್ರಿ ಅದರ ಅಧ್ಯಕ್ಷ. ಜರ್ಮನಿಗೆ ಹೋಗಿ, ಗೆದ್ದವರಿಗೆ ಕೊಡುವ ಓಕ್ ಎಲೆಯ ಕಿರೀಟ ಇಡಿಸಿಕೊಂಡು ಬಂದವನ ಕೈಗೆ ಮಕ್ಕಳನ್ನು ಒಪ್ಪಿಸಬಹುದೇ ಎಂದು ಅವನು ಕೇಳಿದನಂತೆ. ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ನಾವಿಬ್ಬರೂ ಅಮೆರಿಕದ ಹೆಸರಿನಲ್ಲೇ ಕಂಬಿ ಹಿಡಿದದ್ದು ಅವನಿಗೆ ನೆನಪಿಲ್ಲ. ಫ್ರಾಂಕ್‌ಫರ್ಟಿಗೂ ಅಮೆರಿಕದ ಬಾವುಟ ಹೊತ್ತುಕೊಂಡೇ ಹೋಗಿದ್ದೆವು. ಅದೂ ನೆನಪಿಲ್ಲ.

ಸೈನ್ಯದವರ ನಂಬಿಕೆ ಪಡೆದ ಒಬ್ಬರು ನನ್ನ ಪರವಾಗಿ ನಾಲ್ಕು ಸಾಲು ಬರೆದರೆ ಸಾಕು ಎನ್ನುತ್ತಾರೆ ಶಾಲೆಯ ಹಿರಿಯರು. ಅಂಥವರು ನನಗೆ ನೀನಲ್ಲದೆ ಇನ್ಯಾರಿದ್ದಾರೆ? ಬರೆದು ಸಮಿತಿಗೇ ನೇರವಾಗಿ ಕಳಿಸಿಬಿಡು.

ಮಗು ಗ್ರೆಟಾಗೆ ಮುತ್ತು.

ನಿನ್ನ
ಆಲ್ವಿನ್ ರೀಬರ್


ಶಿಕಾಗೊ
25 ನವೆಂಬರ್ 1917

ಪ್ರಿಯ ಆಲ್ವಿ,

ನಿನ್ನ ಕಾಗದ ಓದಿ ರಕ್ತ ಕುದಿಯಿತು. ಕಲ್ಲಿದ್ದಲು ಮಾರುವವನು ನಿನ್ನ ನಿಷ್ಠೆ ಅಳೆಯುವುದೇ! ಖಂಡಿತ ಬರೆಯುತ್ತೇನೆ. ನಾಲ್ಕು ಸಾಲಲ್ಲ, ಎರಡು ಪುಟ. ನೀನು ಇದರ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ಫ್ರಾಂಕ್‌ಫರ್ಟ್, ಮೇಜು, ಇಂಥ ತಮಾಷೆಗಳನ್ನು ಇನ್ನು ಕಾಗದದಲ್ಲಿ ಬರೆಯಬೇಡ ಮಾರಾಯ. ಇಲ್ಲಿ ಯಾರು ಯಾರ ಕಾಗದ ಒಡೆದು ಓದುತ್ತಾರೋ ಹೇಳಲಾಗದು. ನಿನ್ನದನ್ನು ಓದಿ ಒಲೆಗೆ ಹಾಕಿದೆ.

ಇನ್ನೊಂದು ಸುದ್ದಿ. ನಮ್ಮ ಮನೆತನದ ಹೆಸರಿನ ಜರ್ಮನ್ ಬಾಲವನ್ನು ಕತ್ತರಿಸಿದ್ದೇವೆ. ಬಿಷಫ್ ಇದ್ದದ್ದು ಬಿಷಪ್ ಆಯಿತು. ಉಚ್ಚರಿಸುವವರಿಗೂ ಸುಲಭ. ಗ್ರೆಟಾ ಈಗ ಗ್ರೇಸ್. ಟಿಲ್ಲಿ ಮೊದಲ ದಿನ ಮುಖ ಊದಿಸಿಕೊಂಡಿದ್ದಳು, ಈಗ ಅಭ್ಯಾಸವಾಗಿದೆ. ಈ ಕ್ರಿಸ್‌ಮಸ್ಸಿಗೆ ಬರಲಾಗುವುದಿಲ್ಲ; ಶಿಬಿರದಲ್ಲಿ ರಜೆಯಿಲ್ಲ.

ಧೈರ್ಯವಾಗಿರು.

ನಿನ್ನ
ಕಾನ್ರಾಡ್


ಲಿಂಡೆನ್ ಫೆರಿ
20 ಜನವರಿ 1918

ಪ್ರಿಯ ಕಾನ್ರಾಡ್,

ನದಿ ಹೆಪ್ಪುಗಟ್ಟಿದೆ. ದಡದಿಂದ ದಡಕ್ಕೆ ಜನ ನಡೆದೇ ಹೋಗುತ್ತಿದ್ದಾರೆ. ನಮ್ಮ ಕಾಲದಲ್ಲಾಗಿದ್ದರೆ ನಡುನದಿಯಲ್ಲಿ ಕೈ ಊರಿ ತಲೆಕೆಳಗಾಗಿ ನಿಲ್ಲುತ್ತಿದ್ದೆವು, ಮೇಷ್ಟ್ರ ಕೈಲಿ ಒದೆ ತಿನ್ನುತ್ತಿದ್ದೆವು.

ಸಮಿತಿಯವರು ವಿಚಾರಣೆಯನ್ನು ವಸಂತಕ್ಕೆ ಮುಂದೂಡಿದ್ದಾರೆ. ನಿನ್ನ ಪತ್ರ ಅವರ ಕೈ ಸೇರಿರಬೇಕು, ಅದರಿಂದಲೇ ಮೆತ್ತಗಾಗಿದ್ದಾರೆ ಎಂದು ಮೇಷ್ಟ್ರು ಹೇಳುತ್ತಾರೆ. ಸೇರಿದೆಯೋ ಇಲ್ಲವೋ ಎಂದು ನೀನೇ ಒಂದು ಸಾಲು ಬರೆದರೆ ನೆಮ್ಮದಿ.

ಹೊಸ ವರ್ಷದ ಬೆಳಿಗ್ಗೆ ನನ್ನ ಬಾಗಿಲಿಗೆ ಯಾರೋ ದೇಶದ್ರೋಹಿಯ ಗುರುತಾಗಿ ಹಳದಿ ಬಣ್ಣ ಎರಚಿದ್ದರು. ಎದುರುಮನೆಯ ಶ್ರೀಮತಿ ಡೂಲಿ, ಐರಿಷ್ ಹೆಂಗಸು, ಬಕೆಟು ಹಿಡಿದುಕೊಂಡು ಬಂದು, “ರೀಬರ್, ನಿಂತ್ಕೊಂಡು ಏನ್ ನೋಡ್ತೀರಾ, ಒಣಗೋ ಮುಂಚೆ ಉಜ್ಜಿ” ಎಂದರು. ಇಬ್ಬರೂ ಸೇರಿ ಉಜ್ಜಿದೆವು. ಪೂರ್ತಿ ಹೋಗಲಿಲ್ಲ.

ಶಾಲೆಯಲ್ಲಿ ಮಕ್ಕಳು ಹಾಗೆಯೇ ಇದ್ದಾರೆ. ಕಸರತ್ತಿನ ಮರದ ಕುದುರೆಯ ಮೇಲೆ ಹಾರಲು ಹೆದರುವವರು ಈಗಲೂ ನನ್ನ ಕೈ ಕಡೆ ನೋಡಿಯೇ ಹಾರುತ್ತಾರೆ. ಅಷ್ಟು ಸಾಕು ನನಗೆ.

ಆಲ್ವಿನ್


ಶಿಕಾಗೊ
17 ಫೆಬ್ರವರಿ 1918

ಪ್ರೀತಿಯ ಅಣ್ಣ,

ಇವರಿಗೆ ಕೆಲಸದ ಒತ್ತಡ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಕಳೆದ ವಾರ ಸರ್ಕಾರದ ಕಡೆಯ ಇಬ್ಬರು ಬಂದಿದ್ದರು. ಟೋಪಿ ತೆಗೆಯದೆಯೇ ಕುಳಿತರು. ನಮ್ಮ ಹೆಸರು ಯಾಕೆ ಬದಲಾಯಿತು, ಫ್ರಾಂಕ್‌ಫರ್ಟಿನ ಆ ಊಟದ ಮನೆಯಲ್ಲಿ ಏನು ನಡೆಯಿತು ಎಂದೆಲ್ಲ ಕೇಳತೊಡಗಿದರು. ಅವರಿಗೆ ಅದನ್ನು ಯಾರು ಹೇಳಿದರೋ. ನಿಮ್ಮ ಜೊತೆ ಹೋದ ಯಾರೋ ಒಬ್ಬರು, “ನಮ್ಮೂರಿನ ಇಬ್ಬರಲ್ಲಿ ಒಬ್ಬ ಮೇಜು ಹತ್ತಿ ಕೂಗಿದ” ಎಂದಿರಬೇಕು. ಯಾವನು ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. ಆಗ ಇವರು ನನ್ನತ್ತ ತಿರುಗಿ, “ಟಿಲ್ಲಿ, ಮಗೂನ ಮಲಗಿಸು ಹೋಗು” ಎಂದರು. ಮಗು ಆಗಲೇ ಮಲಗಿತ್ತು. ನಾನು ಅಡುಗೆಮನೆಗೆ ಹೋದೆ.

ಅವರಿಬ್ಬರೂ ಹೋಗುವಾಗ ಇವರ ಕೈ ಕುಲುಕಿ ಹೋದರು.

ಅಣ್ಣ, ಗೋಡೆಯ ಮೇಲಿರುವ ಆ ಓಕ್ ಕಿರೀಟ, ಪಟ, ಎಲ್ಲ ತೆಗೆದು ಅಟ್ಟದ ಮೇಲೆ ಹಾಕಿಬಿಡು. ಯಾಕೆ ಎಂದು ಕೇಳಬೇಡ. ಕೆಮ್ಮು ಹೇಗಿದೆ? ಹಾಲಿಗೆ ಜೇನು ಹಾಕಿ ಕುಡಿ.

ನಿನ್ನ ತಂಗಿ
ಟಿಲ್ಲಿ


ಲಿಂಡೆನ್ ಫೆರಿ
28 ಏಪ್ರಿಲ್ 1918

ಕಾನ್ರಾಡ್,

ವಿಚಾರಣೆ ಗುರುವಾರ ಮುಗಿಯಿತು. ಹೇಗೆ ನಡೆಯಿತು ಎಂದು ಬರೆಯುತ್ತೇನೆ, ಪೂರ್ತಿ ಓದು.

ನ್ಯಾಯಾಲಯದ ಮೇಲಿನ ಕೋಣೆ. ಪೆಂಡ್ರಿ ನಡುವೆ, ಅವನ ಎರಡೂ ಕಡೆ ಊರಿನ ದೊಡ್ಡವರು. ಹಿಂದಿನ ಬೆಂಚುಗಳಲ್ಲಿ ನಮ್ಮ ಜನ. ಮೇಷ್ಟ್ರು ಭಾನುವಾರದ ಕೋಟು ಹಾಕಿಕೊಂಡು ಬಂದಿದ್ದರು. ಪೆಂಡ್ರಿ ಒಂದು ಕಾಗದ ಕೈಗೆತ್ತಿಕೊಂಡು, “ರೀಬರ್, ನಿಮ್ಮ ಹತ್ತಿರದವರೇ ನಮಗೆ ಹೇಳಿಕೆ ಕಳಿಸಿದ್ದಾರೆ. ಈಗ ಸೈನ್ಯದ ಕೆಲಸದಲ್ಲಿರೋರು” ಎಂದ. ನಾನು ಮೇಷ್ಟ್ರ ಕಡೆ ತಿರುಗಿ ನಕ್ಕೆ, ಕಾನ್ರಾಡ್. ಇದನ್ನು ನೀನು ತಿಳಿದುಕೊಂಡಿರಬೇಕು. ಎಲ್ಲರೆದುರು ನಾನು ಸಂತೋಷದಿಂದ ನಕ್ಕೆ.

ಅವನು ಓದಿದ. ಮೊದಲು ನನ್ನ ಗುಣಗಾನವೇ ಇತ್ತು: ಶ್ರಮಜೀವಿ, ಕುಡಿತವಿಲ್ಲ, ಮಕ್ಕಳೆಂದರೆ ಪ್ರೀತಿ. ಆಮೇಲೆ ಫ್ರಾಂಕ್‌ಫರ್ಟ್. ‘ಸ್ಪರ್ಧೆ ಮುಗಿದ ಸಂಜೆ ಆಲ್ವಿನ್ ರೀಬರ್ ಮೇಜಿನ ಮೇಲೆ ಹತ್ತಿ ಜರ್ಮನ್ ಚಕ್ರವರ್ತಿಗೆ ಜಯಕಾರ ಹಾಕಿದರು. ನಾನು ಬಲವಂತವಾಗಿ ಅವರನ್ನು ಕೆಳಗಿಳಿಸಬೇಕಾಯಿತು.’ ಕೆಳಗೆ ನಿನ್ನ ಹೊಸ ಹೆಸರು.

“ಇದು ನಿಜವೇ?” ಎಂದ ಪೆಂಡ್ರಿ.

“ಅಲ್ಲ ಸರ್. ನಾನು ಹತ್ತಲಿಲ್ಲ.”

“ಯಾರೂ ಹತ್ತಲೇ ಇಲ್ಲವೋ?”

“ಹತ್ತಿದರು.”

“ಯಾರು?”

ಆ ಒಂದು ಹೆಸರು ನನ್ನ ಬಾಯಲ್ಲೇ ಇತ್ತು. ಹೇಳಿದ್ದರೆ ಸಂಜೆಯೊಳಗೆ ನಿನ್ನ ಶಿಬಿರಕ್ಕೆ ತಂತಿ ಹೋಗುತ್ತಿತ್ತು. ಟಿಲ್ಲಿ ಕಣ್ಣೆದುರು ಬಂದಳು. ಗ್ರೆಟಾಳ ಕೈ ಹಿಡಿದುಕೊಂಡು ರಸ್ತೆಯಲ್ಲಿ ನಿಂತ ಹಾಗೆ.

“ಗೊತ್ತಿಲ್ಲ” ಎಂದೆ.

“ಹತ್ತಿದ್ದು ನೋಡಿದ್ರಂತೆ, ಹತ್ತಿದೋರು ಯಾರು ಅಂತ ಗೊತ್ತಿಲ್ವಂತೆ” ಎಂದು ಪೆಂಡ್ರಿ ಪಕ್ಕದವರ ಕಡೆ ನೋಡಿದ. ಬೆಂಚುಗಳಲ್ಲಿ ನಗು ಎದ್ದಿತು. ನಮ್ಮವರೂ ಕೆಲವರು ನಕ್ಕರು. ನಗದಿದ್ದರೆ ತಮ್ಮನ್ನು ಗಮನಿಸುತ್ತಾರೆಂಬ ಹೆದರಿಕೆ. ಮೇಷ್ಟ್ರು ಮಾತ್ರ ಎದ್ದು ನಿಂತು, “ನಾನು ಇವನನ್ನು ಚಡ್ಡಿ ಹಾಕೋ ಕಾಲದಿಂದ ಬಲ್ಲೆ” ಎಂದು ಶುರುಮಾಡಿದರು. “ಕೂತ್ಕೊಳ್ಳಿ ತಾತ” ಎಂದು ಯಾರೋ ಅವರ ಭುಜ ಅದುಮಿ ಕೂರಿಸಿದರು.

ಕೆಲಸ ಹೋಯಿತು. ಅದೇ ಸಂಜೆ ಗರಡಿಯವರೂ ಬಂದು, ಸ್ವಲ್ಪ ದಿನ ಈ ಕಡೆ ಬರಬೇಡ, ನಮಗೂ ತೊಂದರೆ ಎಂದರು. ಬಾಗಿಲ ಹೊರಗೇ ನಿಂತು ಹೇಳಿ ಹೋದರು.

ನನಗೆ ಬೇಕಾದ್ದು ಒಂದೇ. ಯಾಕೆ ಮಾಡಿದೆ ಎಂದು ನನಗೆ ಬರೆ. ಹೆದರಿದೆ ಎಂದು ಬರೆದರೂ ಸಾಕು. ಹೆದರಿಕೆ ನನಗೆ ಅರ್ಥವಾಗುತ್ತದೆ.

ಆಲ್ವಿನ್ ರೀಬರ್


ಶಿಕಾಗೊ
2 ಜೂನ್ 1918

ಪ್ರಿಯ ಆಲ್ವಿನ್,

ನಡೆದದ್ದಕ್ಕೆ ವಿಷಾದಿಸುತ್ತೇನೆ. ಈ ದಿನಗಳು ಎಲ್ಲರಿಗೂ ಕಷ್ಟದವು.

ನಿನ್ನ ಪತ್ರದ ಧಾಟಿ ನನಗೆ ನೋವು ತಂದಿತು. ಅಧಿಕಾರಿಗಳು ಪ್ರಶ್ನೆ ಕೇಳಿದಾಗ ನೆನಪಿನಲ್ಲಿದ್ದಷ್ಟನ್ನು ಪ್ರಾಮಾಣಿಕವಾಗಿ ಹೇಳುವುದು ನನ್ನ ಕರ್ತವ್ಯವಾಗಿತ್ತು. ಆ ಸಂಜೆ ಎಲ್ಲರೂ ಸಾಕಷ್ಟು ಕುಡಿದಿದ್ದೆವು. ನನ್ನ ನೆನಪಿನಲ್ಲಿ ಮೇಜು ಹತ್ತಿದವನು ನೀನೇ. ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಹೇಳುತ್ತಿದ್ದದ್ದು ನಗುವಿಗಾಗಿ ತಿರುಗಿಸಿದ ಕಥೆ ಎಂದು ನಿನಗೂ ಗೊತ್ತು.

ನಿನಗೆ ಹೆಂಡತಿ ಮಕ್ಕಳಿಲ್ಲ. ಎಲ್ಲಿ ಬೇಕಾದರೂ ಹೊಸದಾಗಿ ಶುರುಮಾಡಬಹುದು. ಹೆಸರನ್ನು ಸ್ವಲ್ಪ ಬದಲಾಯಿಸಿಕೊಳ್ಳುವುದಾದರೆ ಪಶ್ಚಿಮದ ಕಡೆ ಎಲ್ಲಾದರೂ ಕೆಲಸಕ್ಕೆ ಹೇಳಬಲ್ಲೆ.

ಸಿ. ಬಿಷಪ್


ಮಸ್ಕಟೀನ್, ಅಯೋವಾ
16 ಜೂನ್ 1918

ಪ್ರೀತಿಯ ಟಿಲ್ಲಿ,

ಮನೆ ಬಿಟ್ಟು ನದಿ ಹರಿದು ಹೋಗುವ ದಿಕ್ಕಿನಲ್ಲಿರುವ ಈ ಊರಿಗೆ ಬಂದಿದ್ದೇನೆ. ಗುಂಡಿಯ ಕಾರ್ಖಾನೆಯಲ್ಲಿ ಕೆಲಸ. ನದಿಯ ಚಿಪ್ಪುಗಳನ್ನು ಯಂತ್ರಕ್ಕೆ ಹಿಡಿದು ಅಂಗಿಯ ಗುಂಡಿ ಕೊರೆಯುವುದು. ಚಿಪ್ಪಿನ ಪುಡಿ ಗಂಟಲಿಗೆ ಕೂರುತ್ತದೆ, ಅಂಗೈ ಸೀಳುತ್ತದೆ. ಕಂಬಿ ಹಿಡಿದು ಗಟ್ಟಿಯಾದ ಕೈ, ತಡೆಯುತ್ತದೆ. ಇಲ್ಲಿ ನನ್ನ ಪಕ್ಕದವನಿಗೆ ನಾನು ಯಾರೆಂದು ಗೊತ್ತಿಲ್ಲ, ಅದೇ ಒಂದು ಸುಖ.

ನಿನ್ನ ಗಂಡನ ಕಾಗದ ಬಂತು. ಹತ್ತಿದವನು ನಾನೇ ಎಂದು ಅವನಿಗೆ ನೆನಪಂತೆ. ನಿನ್ನನ್ನು ಏನೂ ಮಾಡು ಎನ್ನುವುದಿಲ್ಲ. ಸಮಿತಿಗೆ ಬರೆಯಬೇಡ, ಅವನ ಜೊತೆ ಜಗಳ ಆಡಬೇಡ. ನನಗೊಬ್ಬನಿಗೇ ಎರಡು ಮಾತು ಬರೆ. ‘ನೀನಲ್ಲ ಅಣ್ಣ, ನನಗೆ ಗೊತ್ತು’ ಎಂದು. ಓದಿ ಸುಟ್ಟುಬಿಡುತ್ತೇನೆ.

ಅಣ್ಣ


ಶಿಕಾಗೊ
11 ಆಗಸ್ಟ್ 1918

ಪ್ರೀತಿಯ ಅಣ್ಣ,

ಬರೆಯುವುದು ತಡವಾಯಿತು. ಗ್ರೇಸ್‌ಗೆ ದಡಾರ ಆಗಿತ್ತು. ಈಗ ಗುಣವಾಗಿದ್ದಾಳೆ, ಬಾಗಿಲ ಬಳಿ ನಿಂತು ಐಸಿನ ಗಾಡಿಯವನನ್ನು ಕೂಗುತ್ತಾಳೆ. ಇವರಿಗೆ ಬಡ್ತಿ ಬಂದಿದೆ. ಇಲ್ಲಿ ಬಹಳ ಸೆಕೆ.

ನೀನು ಕೇಳಿದ್ದರ ಬಗ್ಗೆ. ನಾನು ಹೇಗೆ ಹೇಳಲಿ, ಅಣ್ಣ? ನಾನು ಅಲ್ಲಿರಲಿಲ್ಲವಲ್ಲ.

ಅಂಗೈಗೆ ರಾತ್ರಿ ಕುರಿಕೊಬ್ಬು ಸವರಿ ಬಟ್ಟೆ ಸುತ್ತಿಕೊಂಡು ಮಲಗು.

ಟಿಲ್ಲಿ


ಶಿಕಾಗೊ
10 ಏಪ್ರಿಲ್ 1921

ಪ್ರಿಯ ಆಲ್ವಿ,

ಎಷ್ಟು ಕಾಲವಾಯಿತು! ನೀನು ಸೀಡರ್ ರ‍್ಯಾಪಿಡ್ಸ್‌ನಲ್ಲಿ ಬೊಹೀಮಿಯದಿಂದ ವಲಸೆ ಬಂದವರ ಗರಡಿಗೆ ಮೇಷ್ಟ್ರಾದ ಸುದ್ದಿ ಕೇಳಿ ಸಂತೋಷಪಟ್ಟೆ. ಕಂಬಿಯನ್ನು ನಿನ್ನಿಂದ ದೂರ ಇಡುವುದು ಯಾರಿಗೂ ಸಾಧ್ಯವಿಲ್ಲ ಎಂದು ಟಿಲ್ಲಿಗೆ ಹೇಳಿದೆ.

ಲಿಂಡೆನ್ ಫೆರಿಯ ನಮ್ಮ ಗರಡಿಗೆ ಜೂನ್‌ನಲ್ಲಿ ಐವತ್ತು ತುಂಬುತ್ತದೆ. ಬಾಗಿಲ ಮೇಲೆ ಮತ್ತೆ ಹಳೆಯ ಅಕ್ಷರ ಬರೆಸುತ್ತಿದ್ದಾರಂತೆ. ಮುಖ್ಯ ಭಾಷಣಕ್ಕೆ ನನ್ನನ್ನು ಕರೆದಿದ್ದಾರೆ. ನೀನಿಲ್ಲದೆ ಅದೆಂಥ ಹಬ್ಬ? ಬಾರೋ ಮಾರಾಯ. ಆ ಹುಚ್ಚು ಕಾಲ ಮುಗಿಯಿತು, ಎಲ್ಲರೂ ಮರೆತಿದ್ದಾರೆ.

ನಿನ್ನ
ಕಾನ್ರಾಡ್


ಸೀಡರ್ ರ‍್ಯಾಪಿಡ್ಸ್, ಅಯೋವಾ
19 ಜೂನ್ 1921

ಟಿಲ್ಲಿ,

ಶನಿವಾರ ಗರಡಿಯ ಹಬ್ಬದಿಂದ ನಾನು ನಿನಗೂ ಹೇಳದೆ ಹೊರಟುಬಂದೆ. ಅದಕ್ಕೆ ಈ ಕಾಗದ.

ನಿನ್ನ ಗಂಡ ಕರೆದ ಎಂದು ನಾನು ಬಂದದ್ದಲ್ಲ. ಗೊಟ್‌ಷಾಲ್ಕ್ ಮೇಷ್ಟ್ರು ತಮ್ಮ ಕೈಯಾರೆ ಬರೆದಿದ್ದರು. ಅಕ್ಷರ ಸಾಲು ಬಿಟ್ಟು ಜಾರುತ್ತಿತ್ತು. ಒಂದು ಸಲ ನಿನ್ನ ಸುತ್ತು ನೋಡಿ ಸಾಯುತ್ತೇನೆ ಎಂದಿದ್ದರು. ಈ ವಯಸ್ಸಿನಲ್ಲಿ ಕಂಬಿಯ ಮೇಲೆ ಪೂರ್ತಿ ಸುತ್ತು ಹೊಡೆದದ್ದು ಅವರಿಗೋಸ್ಕರ. ಇಳಿದಾಗ ಅವರು ಚಪ್ಪಾಳೆ ಹೊಡೆಯಲಿಲ್ಲ. “ಮೊಣಕಾಲು ಬಾಗ್ತು” ಎಂದರು. ನನಗೆ ಅಷ್ಟು ಸಂತೋಷ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಆಮೇಲೆ ಊಟ. ಮದ್ಯ ನಿಷೇಧದ ಕಾಲ, ಬಿಯರ್ ಇಲ್ಲದ ಹಬ್ಬ, ಎಲ್ಲರ ಮುಂದೆ ನಿಂಬೆಹಣ್ಣಿನ ಪಾನಕ. ನೀನು ನನ್ನ ಎದುರು ಸಾಲಿನಲ್ಲಿ ಕುಳಿತಿದ್ದೆ, ನೀಲಿ ಟೋಪಿ. ನನ್ನ ಕಡೆ ಎರಡು ಸಲ ನೋಡಿ ಎರಡು ಸಲವೂ ಗ್ರೆಟಾಳ ತಟ್ಟೆ ಸರಿಮಾಡಿದೆ. ಮುಂದಿನ ಸಾಲಿನಲ್ಲಿ ಪೆಂಡ್ರಿ ಇದ್ದ. ಗರಡಿಗೆ ಬರುವ ಚಳಿಗಾಲದ ಕಲ್ಲಿದ್ದಲು ಪೂರ್ತಿ ಅವನ ಕೊಡುಗೆಯಂತೆ.

ನಿನ್ನ ಗಂಡ ಭಾಷಣಕ್ಕೆ ಎದ್ದ. ಚೆನ್ನಾಗಿಯೇ ಮಾತಾಡುತ್ತಾನೆ. ಸೇಂಟ್ ಲೂಯಿಸ್‌ನ ಬಿಸಿಲು, ಬೆವರಿಗೆ ಕಂಬಿ ಜಾರಿದ್ದು, ಎಲ್ಲ ಹೇಳಿದ. ಆಮೇಲೆ, “ಇನ್ನು ಫ್ರಾಂಕ್‌ಫರ್ಟ್ ಕಥೆ ಹೇಳದೇ ಇದ್ರೆ ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ” ಎಂದ.

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

“ಸೇಬಿನ ಮದ್ಯ ಅಂದ್ರೆ ಪಾನಕ ಅಂದ್ಕೊಂಡಿದ್ದೆ ಕಣ್ರಪ್ಪ! ಕುಡಿದು, ಮೇಜಿನ ಮೇಲೆ ಹತ್ತಿದೆ. ನಾನೇ! ನಾನೇ ಹತ್ತಿ ಚಕ್ರವರ್ತಿಗೆ ಜೈ ಅಂದುಬಿಟ್ಟೆ. ಅಷ್ಟರಲ್ಲಿ ಹಿಂದಿಂದ ಯಾರೋ ಪ್ಯಾಂಟು ಹಿಡಿದು ಎಳೆದ್ರು. ಚರ್ರ್ ಅಂತು! ಯಾರು ಅಂತ ನೋಡಿದ್ರೆ, ಅಗೋ ಅಲ್ಲಿ ಕೂತಿದಾನಲ್ಲ, ನನ್ನ ಭಾವಮೈದ, ಆಲ್ವಿನ್ ರೀಬರ್!”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಂದು ನ್ಯಾಯಾಲಯದ ಕೋಣೆಯಲ್ಲಿ ಆ ಹೇಳಿಕೆ ಕೇಳಿಸಿಕೊಂಡವರು ಬಹಳ ಮಂದಿ ಅಲ್ಲಿದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ. ಪೆಂಡ್ರಿ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, “ಪ್ಯಾಂಟು ಹರಿದದ್ದು ನೀವೇನ್ರೀ ಹಾಗಾದ್ರೆ!” ಎಂದ. ನೀನೂ ನಕ್ಕೆ ಟಿಲ್ಲಿ. ಕಣ್ಣೀರು ಬರುವ ಹಾಗೆ, ಮೊದಲಿನ ಹಾಗೆಯೇ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದೆ.

ಅವನು ವೇದಿಕೆಯಿಂದ ಇಳಿದು ಬಂದು ಎಲ್ಲರೆದುರು ನನ್ನನ್ನು ಅಪ್ಪಿಕೊಂಡ. ಕಿವಿಯ ಹತ್ತಿರ ಬಾಯಿ ತಂದು, “ಈಗ ಸರಿಹೋಯ್ತಲ್ಲ?” ಎಂದ.

“ಏನು ಸರಿಹೋಯ್ತು?”

“ಎಲ್ಲರೆದುರಿಗೂ ಹೇಳಿದೆನಲ್ಲೋ.”

“ನಿನಗೆ ನೆನಪಿತ್ತು” ಎಂದೆ.

ಅವನು ನನ್ನ ಬೆನ್ನು ತಟ್ಟಿ ಮುಂದಿನ ಮೇಜಿಗೆ ಹೋದ. ನಾನು ಮೇಷ್ಟ್ರಿಗೆ ನಮಸ್ಕಾರ ಹೇಳಿ ಸಂಜೆಯ ರೈಲು ಹಿಡಿದೆ.

ರೈಲಿನಲ್ಲಿ ಕುಳಿತು ಯೋಚಿಸಿದೆ. ಅವನು ಸುಳ್ಳು ಹೇಳಿದ್ದನ್ನು ಇಷ್ಟು ದಿನ ಹೇಗೋ ಸಹಿಸಿಕೊಂಡಿದ್ದೆ. ಒಮ್ಮೊಮ್ಮೆ ಅವನಿಗೆ ನಿಜವಾಗಿಯೂ ಹಾಗೆಯೇ ನೆನಪಿರಬಹುದು, ಹೆದರಿದ ತಲೆ ಏನು ಬೇಕಾದರೂ ಕಟ್ಟಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮಸ್ಕಟೀನ್‌ನಲ್ಲಿ ಚಿಪ್ಪು ಕೊರೆಯುತ್ತ ಒಂದು ದಿನ, ಹತ್ತಿದವನು ನಾನೇ ಇರಬಹುದೇ ಎಂದೂ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಈಗ ಆ ಸಂಶಯವನ್ನೂ ಅವನು ತೆಗೆದುಬಿಟ್ಟ. ಬೇಡವಾದಾಗ ನನ್ನ ಮೇಲೆ ಹಾಕಿದ್ದನ್ನು, ನಗು ಬರುತ್ತದೆ ಎಂದು ಗೊತ್ತಾದ ಕೂಡಲೇ ವಾಪಸು ತೆಗೆದುಕೊಂಡ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಇಲ್ಲಿ ನನಗೆ ಗರಡಿಯ ಹಿಂದೆ ಮಹಡಿಯ ಮೇಲೆ ಎರಡು ಕೋಣೆಗಳ ಮನೆ ಇದೆ. ಕೆಳಗಿನ ಬೇಕರಿಯಿಂದ ಬೆಳಿಗ್ಗೆ ಗಸಗಸೆ ಬನ್ನಿನ ವಾಸನೆ ಬರುತ್ತದೆ. ಗ್ರೆಟಾಗೆ ಇಷ್ಟವಾಗುತ್ತದೆ. ನಿನ್ನ ಗಂಡ ಈ ಮನೆಗೆ ಬರುವುದು ಬೇಡ. ಅದನ್ನು ನೀನೇ ಅವನಿಗೆ ಹೇಳು, ನಾನು ಅವನಿಗೆ ಇನ್ನು ಬರೆಯುವುದಿಲ್ಲ.

ನೀನು ಬರುವುದಾದರೆ ಬಾ. ಬಂದ ಕೂಡಲೇ ಒಂದನ್ನು ಕೇಳುತ್ತೇನೆ, ಈಗಲೇ ಹೇಳಿರುತ್ತೇನೆ. ಅಂದು ‘ನೀನಲ್ಲ ಅಣ್ಣ’ ಎಂಬ ಆ ಎರಡು ಮಾತು ಬರೆಯದ ಹಾಗೆ ನಿನ್ನ ಕೈ ಹಿಡಿದವರು ಯಾರು? ಅವನು ಎಂದರೆ ನಂಬುತ್ತೇನೆ. ಯಾರೂ ಹಿಡಿಯಲಿಲ್ಲ ಎಂದರೆ ಕಷ್ಟವಾಗುತ್ತದೆ. ಆದರೂ ಕಾಫಿ ಕುಡಿದು, ಮಗುವಿಗೆ ಊಟ ಮಾಡಿಸಿಕೊಂಡೇ ಹೋಗುವಿಯಂತೆ.

ಆಲ್ವಿನ್